ಮೊದಲ ವಾರವೇ ಚಾಲೂ ಆದ ಕಾರು: ಹೊಳೆಸಾಲಿನ ಒಂದು ಪದ್ಮಿನಿಯ ಪ್ರಕರಣ

15 ವರ್ಷ ಕೊಟ್ಟಿಗೆ ಪಕ್ಕ ನಿಂತಿದ್ದ ಹಳೇ ಪ್ರೀಮಿಯರ್ ಪದ್ಮಿನಿ ಕಾರು, ಕೈ ಹಚ್ಚಿದ ಮೊದಲ ವಾರವೇ ಚಾಲೂ ಆಯಿತು. ನಮ್ಮ ತೊಂದರೆ ಶುರುವಾದದ್ದೇ ಅಲ್ಲಿಂದ. ಅವತ್ತು ಅದು ಮೊಂಡು ಹಿಡಿದಿದ್ದರೆ ನಾವು ಸಾವಕಾಶ ಕೆಲಸ ಮಾಡುತ್ತಿದ್ದೆವು. ಒಂದು ಪಾಗಾರ (ಕಾಂಪೌಂಡ್ ಗೋಡೆ) ಉಳಿಯುತ್ತಿತ್ತು, ಒಂದಷ್ಟು ದುಡ್ಡೂ ಉಳಿಯುತ್ತಿತ್ತು.

ಕಾರಿನ ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಊರು, ಹೆಸರು, ಕಾರಿನ ನಂಬರ್ ಯಾವುದೂ ಇಲ್ಲಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಕಾರಿಗೆ ಆದದ್ದು, ನಾವು ಮಾಡಿದ ಎಡವಟ್ಟು ಮಾತ್ರ ಇದ್ದದ್ದು ಇದ್ದ ಹಾಗೆ. ನಾನು ಮೆಕ್ಯಾನಿಕ್ ಅಲ್ಲ. ಹಳೇ ಗಾಡಿಯ ಹುಚ್ಚಿದೆ, ಎರಡು ಸ್ಕೂಟರ್ ಮತ್ತು ಒಂದು ಜೀಪು ಎಬ್ಬಿಸಿದ ಅನುಭವ ಇದೆ, ಅಷ್ಟೇ. ಆ ಅನುಭವವೇ ಇಲ್ಲಿ ಸ್ವಲ್ಪ ಅಡ್ಡ ಬಂತು ಅಂತ ಈಗ ಅನಿಸುತ್ತದೆ.

ಕಾರು, ಕೊಟ್ಟಿಗೆ, ತಾಡಪತ್ರಿ

ಹೊನ್ನಾವರ–ಕುಮಟಾ ಕಡೆಯ ಹೊಳೆಸಾಲಿನ ಮನೆ. ಅಡಿಕೆ, ತೆಂಗು, ನಾಲ್ಕು ಆಕಳು. ಸಮುದ್ರ ಕಣ್ಣಿಗೆ ಕಾಣುವುದಿಲ್ಲ, ಆದರೆ ಭರತದ ಹೊತ್ತಿಗೆ ಹೊಳೆ ನೀರು ಉಪ್ಪಾಗುವಷ್ಟು ಹತ್ತಿರವೇ ಇದೆ. ಕಾರು 1984ರ ಪ್ರೀಮಿಯರ್ ಪದ್ಮಿನಿ: 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರ್, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್, ಹಿಂದೆ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್). ನಂಬರ್ ಕೆಎ ಬರುವುದಕ್ಕಿಂತ ಮುಂಚಿನದು. ಆ ಮನೆಯ ಯಜಮಾನರು, ಮಕ್ಕಳ ಬಾಯಲ್ಲಿ ಅಪ್ಪಯ್ಯ, ಇದನ್ನು ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಊರಿನ ಅರ್ಧ ಮದುವೆಗಳ ದಿಬ್ಬಣ ಇದರಲ್ಲೇ ಹೋಗಿದೆ. ರಾತ್ರೋರಾತ್ರಿ ಹೆರಿಗೆಗೆ ಹೋದದ್ದೂ ಇದೆ. ಎರಡು ವರ್ಷಕ್ಕೊಮ್ಮೆ ದೇವಿಮನೆ ಘಾಟ್ ಹತ್ತಿ ಶಿರಸಿ ಮಾರಿಕಾಂಬಾ ಜಾತ್ರೆಗೂ ಇದರಲ್ಲೇ.

2008ರಲ್ಲಿ ಅಪ್ಪಯ್ಯನ ಕಣ್ಣು ಮಂಜಾಯಿತು. ಮನೆಗೆ ಸಣ್ಣ ಮಾರುತಿ ಬಂತು, ಪದ್ಮಿನಿ ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ ನಿಂತಿತು. ಗಮನಿಸಿ, ಅವರು ಬಿಟ್ಟು ಹಾಕಿದ್ದಲ್ಲ, ಜೋಪಾನವಾಗಿ ನಿಲ್ಲಿಸಿದ್ದು. ತೊಳೆದರು, ಒರೆಸಿದರು, ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದರು, ದಪ್ಪ ತಾಡಪತ್ರಿ ಹೊದಿಸಿ ನೆಲದವರೆಗೆ ಹಗ್ಗ ಸುತ್ತಿ ಕಟ್ಟಿದರು. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಹಾಗೇ ಇತ್ತು. ಇದರಲ್ಲಿ ತೊಳೆದದ್ದೊಂದು ಬಿಟ್ಟರೆ ಉಳಿದದ್ದೆಲ್ಲ ಕಾರಿಗೆ ಕೇಡೇ ಮಾಡಿತು. ಮಣ್ಣಿನ ನೆಲದಿಂದ ಮೇಲೇಳುವ ಪಸೆ ತಾಡಪತ್ರಿಯ ಒಳಗೇ ಉಳಿಯುತ್ತದೆ. ರಾತ್ರಿ ತಂಪಿಗೆ ನೀರಾಗಿ ತಗಡಿನ ಮೇಲೆ ಕೂರುತ್ತದೆ, ಹಗಲು ಹೋಗಲು ದಾರಿ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ನಮ್ಮ ಕಡೆ ಬೀರುವಿನಲ್ಲಿಟ್ಟ ಪಂಚೆಗೇ ಬೂಸಲು ಬರುತ್ತದೆ. ಇನ್ನು ಕಾರಿನ ಕಥೆ ಕೇಳಬೇಕಾ?

ಇನ್ನೊಂದು ಸಂಗತಿ ಇದೆ. ಅದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಅದು ಒಂದು ವಿಷಯ ಅಂತ ಅನಿಸಿರಲಿಲ್ಲ. ಹಾಗಾಗಿ ನನಗೆ ಹೇಳಿದ್ದು ಮೂರು ತಿಂಗಳ ಮೇಲೆ.

ಸೆಲೈನ್ ಬಾಟಲಿ

2023ರ ಅಕ್ಟೋಬರ್, ನವರಾತ್ರಿ. ಅಪ್ಪಯ್ಯನ ಹಿರಿಮಗ ಫೋನ್ ಮಾಡಿದ. 2024ರ ಮಾರ್ಚಿನಲ್ಲಿ ಶಿರಸಿ ಜಾತ್ರೆ, ಆಯಿಯನ್ನು (ತಾಯಿಯನ್ನು) ಅಪ್ಪಯ್ಯನ ಕಾರಿನಲ್ಲೇ ಕರೆದುಕೊಂಡು ಹೋಗಬೇಕು, ಐದು ತಿಂಗಳು ಸಾಕಲ್ವಾ ಅಂದ. ಸಾಕು ಅಂದೆ. ಕಾರಿನ ತಳ ನೋಡದೆ ಹೇಳಿದ ಮಾತು. ಎಷ್ಟಾಗಬಹುದು ಅಂತ ಕೇಳಿದ. 60,000 ಅಂದೆ. ಅದೂ ಹಾಗೇ ಹೇಳಿದ್ದು.

ತಾಡಪತ್ರಿ ಬಿಚ್ಚಿದಾಗ ಕಾರು ಚೆಂದವೇ ಕಂಡಿತು. ಬಣ್ಣ ಮಂಕಾಗಿತ್ತು, ಕ್ರೋಮಿಗೆ ಚುಕ್ಕೆ ಬಿದ್ದಿತ್ತು, ಹಿಂದಿನ ಸೀಟಿನಲ್ಲಿ ಇಲಿ ಗೂಡು, ಬಾನೆಟ್ ಒಳಗೆ ಕೇರೆ ಹಾವಿನ ಪೊರೆ. ಬಾಗಿಲು ಎಳೆದು ಬಿಟ್ಟರೆ ಹಳೇ ಕಾಲದ ಭಾರದ ಸದ್ದು ಬಂತು. ಅದೇ ತಿಂಗಳ ಕೊನೆಗೆ ಮುಂಬೈಯಲ್ಲಿ ಕಪ್ಪು–ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು ಅಂತ ಪೇಪರಿನಲ್ಲಿ ಬಂದಿತ್ತು. ಅಲ್ಲಿ ಇಳಿಸುತ್ತಿದ್ದಾರೆ, ಇಲ್ಲಿ ನಾವು ಹತ್ತಿಸುತ್ತಿದ್ದೇವೆ ಅಂತ ಹಿರಿಮಗ ನಗಾಡಿದ.

ಎಂಜಿನ್ ವಿಷಯದಲ್ಲಿ ನಾವು ಅವಸರ ಮಾಡಲಿಲ್ಲ. ಅದಿಷ್ಟು ನಮ್ಮ ಪುಣ್ಯ. ಕುಮಟಾದಿಂದ ಒಬ್ಬ ಹಳೇ ಫಿಟ್ಟರ್ ಬಂದಿದ್ದರು, ವಯಸ್ಸು 70ರ ಮೇಲೆ, ಒಂದು ಕಾಲದಲ್ಲಿ ದಿನವೂ ಫಿಯೆಟ್ ಬಿಚ್ಚಿದವರು. ಬ್ಯಾಟರಿ ತಂತಿಗೆ ಕೈ ಹಾಕಿದವನ ಕೈಗೆ ಅವರು ಪಾನಾದಲ್ಲೇ ಒಂದು ತಟ್ಟಿದರು. ಮೊದಲು ನಾಲ್ಕೂ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಎರಡು ಚಮಚ ಎಣ್ಣೆ ಬಿಟ್ಟರು. ಮೂರು ದಿನ ಹಾಗೇ ಬಿಡಿ ಅಂದರು. ನಾಲ್ಕನೇ ದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಕೈಯಲ್ಲೇ ತಿರುಗಿಸಿದರು. ಮೊದಲು ಒಂದಿಂಚು, ಹಿಂದೆ ಅರ್ಧ ಇಂಚು, ಮತ್ತೆ ಮುಂದೆ. ಇಡೀ ಒಂದು ಸುತ್ತು ಬರಲಿಕ್ಕೆ 20 ನಿಮಿಷ ಬೇಕಾಯಿತು. ತುಕ್ಕು ಹಿಡಿದ ರಿಂಗನ್ನು ನೇರ ಸೆಲ್ಫ್ ಹೊಡೆದು ಎಳೆದರೆ ರಿಂಗ್ ಮುರಿಯುತ್ತದೆ, ಬೋರ್ ಗೀರುತ್ತದೆ. ಆಮೇಲೆ ಹೊಸ ಆಯಿಲ್ ಹಾಕಿದೆವು. ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು ಆಯಿಲ್ ಲೈಟ್ ಆರುವವರೆಗೆ ತಿರುಗಿಸಿದೆವು. ಡೆಲ್ಕೋ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಬಿಚ್ಚಿ ಪಾಯಿಂಟ್ ಉಜ್ಜಿದೆವು. ಟ್ಯಾಂಕಿನ ಪೆಟ್ರೋಲ್ ಮೂಗಿಗೆ ಹಿಡಿದರೆ ಹಳೇ ವಾರ್ನಿಶ್ ವಾಸನೆ. ಅದನ್ನು ಮುಟ್ಟಲೇ ಇಲ್ಲ. ಆಸ್ಪತ್ರೆಯ ಸೆಲೈನ್ ಬಾಟಲಿಗೆ ಹೊಸ ಪೆಟ್ರೋಲ್ ತುಂಬಿ, ಮಾಡಿನ ಜಂತಿಗೆ ನೇತುಹಾಕಿ, ಪೈಪನ್ನು ನೇರ ಕಾರ್ಬೊರೇಟರಿಗೆ ಕೊಟ್ಟೆವು.

ಐದನೇ ಸೆಲ್ಫಿಗೆ ಕೆಮ್ಮಿತು. ಏಳನೆಯದಕ್ಕೆ ಹಿಡಿಯಿತು. ಸೈಲೆನ್ಸರಿನಿಂದ ಹೊಗೆ, ಹೊಗೆಯ ಜೊತೆ ಇಲಿ ಗೂಡಿನ ಹತ್ತಿ, ಸುಟ್ಟ ವಾಸನೆ. ಆಯಿ ಜಗುಲಿಯಲ್ಲಿ ನಿಂತು ಸೆರಗಲ್ಲಿ ಕಣ್ಣು ಒರೆಸಿಕೊಂಡರು. ಹೊಗೆಗೂ ಇರಬಹುದು. ಒಂದೂವರೆ ನಿಮಿಷದ ವಿಡಿಯೊ ಮನೆತನದ ವಾಟ್ಸಾಪ್ ಗ್ರೂಪಿಗೆ ಹೋಯಿತು. ಹಿರಿಮಗನ ಬೆಂಗಳೂರಿನ ತಮ್ಮ, ಅಲ್ಲಿವರೆಗೆ ಗುಜರಿಗೆ ಕೊಡಿ ಅನ್ನುತ್ತಿದ್ದವನು, ಸಂಜೆಯೊಳಗೆ 20,000 ಕಳಿಸಿದ.

ಫಿಟ್ಟರ್ ಊಟಕ್ಕೆ ಕೂತಿದ್ದರು. ಹಿರಿಮಗ ಒಳಗೆ ಕೂತು ಬ್ರೇಕ್ ತುಳಿದು ನೋಡಿದ. ಗಟ್ಟಿ ಇದೆ ಅಂದ. ಇನ್ನೊಮ್ಮೆ ತುಳಿದ, ಗಟ್ಟಿಯೇ ಇತ್ತು. ಹತ್ತು ಅಡಿ ಮುಂದೆ ತರ್ತೇನೆ, ಬಿಸಿಲಿನಲ್ಲಿ ಒಂದು ಫೋಟೊ ಅಂದ. ಹೂಂ ಅಂದವನು ನಾನು. ಮೊದಲ ಗೇರಿಗೆ ಹಾಕಿ ಬಿಟ್ಟ. ಅಂಗಳ ಇಳಿಜಾರು. ಮೂರನೇ ಸಲ ತುಳಿದಾಗ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಉಳಿಯಿತು. ಹ್ಯಾಂಡ್ ಬ್ರೇಕ್ ಎಳೆದರೆ ತಂತಿ ಸುಮ್ನೆ ಬಂತು. ಲೈನಿಂಗ್ ಡ್ರಮ್ಮಿಗೆ ಅಂಟಿತ್ತು ಅಂತ ಬೆಳಿಗ್ಗೆ ತಾನೆ ಸುತ್ತಿಗೆಯಲ್ಲಿ ಹೊಡೆದು ಬಿಡಿಸಿದ್ದೆವು. ಅಡಿಕೆ ಹರಗಿದ ಅಂಗಳ ದಾಟಿ ಕಾರು ಹೋಗಿ ಚಿರೆಕಲ್ಲಿನ ಪಾಗಾರಕ್ಕೆ ಗುದ್ದಿತು. ಗ್ರಿಲ್ ಮತ್ತು ಎಡಗಡೆಯ ಹೆಡ್‌ಲೈಟ್ ಹೋದವು, ಬಂಪರ್ ಬಾಗಿತು, ಪಾಗಾರದ ಎರಡು ವರಸೆ ಕಲ್ಲು ಉದುರಿತು. ಒಂದು ನಿಮಿಷ ಮುಂಚೆ ಪಕ್ಕದ ಮನೆಯ ಹುಡುಗ ಅದೇ ಪಾಗಾರಕ್ಕೆ ಒರಗಿ ಮೊಬೈಲ್ ಹಿಡಿದುಕೊಂಡು ನಿಂತಿದ್ದ.

ಆಮೇಲೆ ಬಿಚ್ಚಿ ನೋಡಿದಾಗ ಕಾರಣ ಸಿಕ್ಕಿತು. ಬ್ರೇಕ್ ಆಯಿಲ್ ಗಾಳಿಯ ಪಸೆಯನ್ನು ಹೀರಿಕೊಳ್ಳುವ ವಸ್ತು. ವರ್ಷಗಟ್ಟಲೆ ನಿಂತರೆ ಒಳಗಿನಿಂದಲೇ ಸಿಲಿಂಡರಿಗೆ ತುಕ್ಕು ತರುತ್ತದೆ, ಒಳಗಿನ ರಬ್ಬರ್ ವಾಶರ್ ಒಣಗಿ ಅಂಚು ಗಡುಸಾಗುತ್ತದೆ. ಮೊದಲ ಒಂದೆರಡು ತುಳಿತಕ್ಕೆ ಅದು ತಡೆಯುತ್ತದೆ, ಗಟ್ಟಿ ಅನಿಸುತ್ತದೆ. ಅದೇ ತುಳಿತಕ್ಕೆ ಗಡುಸು ಅಂಚು ತುಕ್ಕಿನ ಮೇಲೆ ಉಜ್ಜಿ ಹರಿಯುತ್ತದೆ. ಅಂದರೆ ನಿಂತ ಕಾರಿನ ಬ್ರೇಕನ್ನು ತುಳಿದು ನೋಡುವುದು ಪರೀಕ್ಷೆಯೇ ಅಲ್ಲ. ಬಿಚ್ಚಿ ನೋಡಬೇಕು, ಬೇರೆ ದಾರಿ ಇಲ್ಲ.

ಫಿಟ್ಟರ್ ಬೈಯಲಿಲ್ಲ. ಕೈ ತೊಳೆದು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿ, "ತಮಾ, ಓಡುದು ಯಾವಾಗ್ಲೂ ಸುಲಭ" ಅಂದರು ಅಷ್ಟೇ. ಕೀಲಿಯನ್ನು ತಮ್ಮ ಕಿಸೆಗೆ ಹಾಕಿಕೊಂಡು ಕುಮಟಾಕ್ಕೆ ಹೋದರು. ಬ್ರೇಕ್ ಕೆಲಸ ಮುಗಿಯುವವರೆಗೆ ಕೊಡಲಿಲ್ಲ.

ಸ್ಕ್ರೂಡ್ರೈವರ್ ತೂರಿದ್ದು

ಇಷ್ಟಾದ ಮೇಲೂ ನಮಗೆ ಬುದ್ಧಿ ಬಂತು ಅಂದುಕೊಳ್ಳಬೇಡಿ. ಎಂಜಿನ್ ಓಡುತ್ತದೆ ಅನ್ನೋದು ತಲೆಯಲ್ಲಿ ಕೂತುಬಿಟ್ಟಿತ್ತು. ಬ್ರೇಕ್ ಒಂದು ಸರಿಯಾದರೆ ಉಳಿದದ್ದು ಅಂದಚಂದ ಅಂತ ಲೆಕ್ಕ ಹಾಕಿದೆವು. ಮಾಸ್ಟರ್ ಸಿಲಿಂಡರ್, ಎಲ್ಲ ವೀಲ್ ಸಿಲಿಂಡರ್, ಪೈಪು, ಲೈನಿಂಗ್ ಹೊಸದಾಯಿತು. ಟೈರಿನ ಪಕ್ಕದಲ್ಲಿ ಬಿರುಕು ಬಿಟ್ಟಿದ್ದರಿಂದ ಐದೂ ಟೈರ್ ಬದಲಾಯಿತು. ಜನವರಿಯಲ್ಲಿ ಬಣ್ಣಕ್ಕೆ ಅಂತ ಹೊನ್ನಾವರದ ಕಡೆಯ ಒಂದು ಟಿಂಕರಿಂಗ್ ಶೆಡ್ಡಿಗೆ ಟೆಂಪೊದಲ್ಲಿ ಹೇರಿಕೊಂಡು ಹೋದೆವು. ಯಾವ ಬಣ್ಣ ಅಂತ ಅಣ್ಣತಮ್ಮಂದಿರು ಅದಾಗಲೇ ಜಗಳ ಮುಗಿಸಿದ್ದರು. ಅಡ್ವಾನ್ಸೂ ಕೊಟ್ಟಾಗಿತ್ತು.

ಟಿಂಕರಿಂಗ್ ಮಿಸ್ತ್ರಿ ಬಣ್ಣದ ಮಾತು ಆಡಲೇ ಇಲ್ಲ. ಡಿಕ್ಕಿ ತೆರೆದು ಮ್ಯಾಟ್ ಎತ್ತಿದರು, ಸ್ಕ್ರೂಡ್ರೈವರ್ ತಗೊಂಡು ನೆಲಕ್ಕೆ ಒತ್ತಿದರು. ಹಪ್ಪಳಕ್ಕೆ ಬೆರಳು ಹಾಕಿದ ಹಾಗೆ ತೂರಿ ಕೆಳಗೆ ಬಂತು. ಮಗ್ಗುಲಲ್ಲಿ ಇನ್ನೊಂದು ಕಡೆ ಒತ್ತಿದರು, ಅಲ್ಲೂ ಹಾಗೇ. ಆಮೇಲೆ ಕೆಳಗೆ ಮಲಗಿ ಕಮಾನ್ ಪಟ್ಟಿ ಕೂರುವ ಬಲಗಡೆಯ ಹಿಡಿಕೆಗೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರು. ಟಣ್ ಅನ್ನಬೇಕಾದದ್ದು ಚಪ್ ಅಂತು. ಪದರ ಪದರವಾಗಿ ತುಕ್ಕು ಉದುರಿತು. ತುಕ್ಕಿನ ಜೊತೆ ನೀಲಿ–ಹಸಿರು ಪುಡಿಯೂ ಉದುರಿತು.

"ಇದೆಂತದು ಮಾರಾಯ್ರೇ?" ಅಂತ ನನ್ನನ್ನೇ ಕೇಳಿದರು. ನಾನು ಹಿರಿಮಗನ ಮುಖ ನೋಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೈಲುತುತ್ತ" ಅಂದ.

ಅಡಿಕೆ ತೋಟದವರಿಗೆ ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬರುತ್ತದೆ. ಅದಕ್ಕೆ ಹೊಡೆಯುವ ಔಷಧಿ ಬೋರ್ಡೋ ಮಿಶ್ರಣ: 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ನೋಡಲಿಕ್ಕೆ ಕಲ್ಲುಸಕ್ಕರೆಯಂತೆ ನೀಲಿ ಹರಳು, ಹೊಟ್ಟೆಗೆ ಹೋದರೆ ವಿಷ. ಮನೆಯಲ್ಲಿ ಆಗ ಸಣ್ಣ ಮಕ್ಕಳಿದ್ದರು. ಬೀಗ ಹಾಕಬಹುದಾದ, ಮಳೆ ನೀರು ಸೋರದ, ಮಕ್ಕಳ ಕೈಗೆ ಸಿಗದ ಜಾಗ ಅಂದರೆ ನಿಂತ ಕಾರಿನ ಡಿಕ್ಕಿ. ಬುದ್ಧಿವಂತ ಯೋಚನೆಯೇ. ನಾನಾದರೂ ಹಾಗೇ ಮಾಡುತ್ತಿದ್ದೆ. ವರ್ಷವೂ ಉಳಿದ ಚೀಲ ಅಲ್ಲಿಗೆ ಹೋಯಿತು, ಚೀಲ ಹರಿಯಿತು, ಪುಡಿ ಮ್ಯಾಟಿನ ಕೆಳಗೆ ಇಳಿಯಿತು, ತಾಡಪತ್ರಿಯ ಒಳಗಿನ ಪಸೆ ಅದಕ್ಕೆ ಸೇರಿತು.

ಹೈಸ್ಕೂಲಿನಲ್ಲಿ ಮೈಲುತುತ್ತದ ನೀರಿಗೆ ಕಬ್ಬಿಣದ ಮೊಳೆ ಹಾಕಿ ಇಡುವ ಪ್ರಯೋಗ ನೆನಪಿದೆಯಾ? ನೀಲಿ ನೀರು ಹಸಿರಾಗುತ್ತದೆ, ಮೊಳೆ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ, ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಈ ಮನೆಯವರು ಅದೇ ಪ್ರಯೋಗವನ್ನು ಒಂದು ಕಾರು ಇಟ್ಟುಕೊಂಡು 15 ವರ್ಷ ಮಾಡಿದ್ದರು. ಸಮುದ್ರದ ಗಾಳಿ ತಿಂದದ್ದು ಒಂದು ಪಾಲಾದರೆ ಡಿಕ್ಕಿಯ ಚೀಲ ತಿಂದದ್ದು ಮೂರು ಪಾಲು. ತಗಡಿನ ಮುಂಭಾಗ ಅಷ್ಟೇನೂ ಹಾಳಾಗದೆ ಹಿಂಭಾಗ ಮಾತ್ರ ಹಪ್ಪಳವಾದದ್ದು ಯಾಕೆ ಅಂತ ಅವತ್ತು ಗೊತ್ತಾಯಿತು.

ಮಿಸ್ತ್ರಿ ಬಣ್ಣದ ಅಡ್ವಾನ್ಸ್ ವಾಪಸ್ ಕೊಟ್ಟರು. "ಇದರ ಮೇಲೆ ಬಣ್ಣ ಹೊಡೆದ್ರೆ ಚೆಂದ ಕಾಣ್ತದೆ. ಆದ್ರೆ ನಿಮ್ಮ ಆಯಿ ಕೂರೂದು ಬಣ್ಣದ ಮೇಲೇ ಆಗ್ತದೆ" ಅಂದರು. ಈ ಇಡೀ ಪ್ರಕರಣದಲ್ಲಿ ದುಡ್ಡು ಬೇಡ ಅಂದವರು ಅವರೊಬ್ಬರೇ.

ಜಾತ್ರೆಗೆ ಹೋಗಿ ಬರುವಷ್ಟು

ಫೆಬ್ರವರಿಯ ಒಂದು ರಾತ್ರಿ ಜಗುಲಿಯಲ್ಲಿ ಕೂತೆವು. ತಮ್ಮ ಫೋನಿನಲ್ಲಿ. ಜಾತ್ರೆಗೆ ತಿಂಗಳು ಸುಮಾರು ಉಳಿದಿತ್ತು. ಅಲ್ಲಿವರೆಗೆ ಖರ್ಚು 70,000 ದಾಟಿತ್ತು, ಅಂದರೆ ನನ್ನ ಎಸ್ಟಿಮೇಟ್ ಅದಾಗಲೇ ಮಣ್ಣುಪಾಲು. ಗುಜರಿಗೆ ಹಾಕುವ ಮಾತು ಬಂತು, ಹೋಯಿತು. ನಿಜವಾದ ಜಗಳ ಇದ್ದದ್ದು ಇನ್ನೆರಡರ ನಡುವೆ. ಒಂದು, ಹಾಳಾದ ಭಾಗ ಪೂರ್ತಿ ಕತ್ತರಿಸಿ ಹೊಸ ತಗಡು ಬೆಸೆಯುವುದು. ಅದಕ್ಕೆ ತಿಂಗಳುಗಟ್ಟಲೆ ಬೇಕು, ಜಾತ್ರೆ ತಪ್ಪುತ್ತದೆ. ಇನ್ನೊಂದು, ತೂತಿನ ಮೇಲೆ ಫೈಬರ್ ಹಾಸಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆಯುವುದು. ಹತ್ತು ದಿನದ ಕೆಲಸ. ಅದನ್ನು ಮಾಡಿಕೊಡುವವರೂ ಸಿಕ್ಕಿದ್ದರು.

"ಜಾತ್ರೆಗೆ ಹೋಗಿ ಬರುವಷ್ಟು ಆದರೆ ಸಾಕಲ್ವಾ? ಆಮೇಲೆ ಸಾವಕಾಶ ಮಾಡಿಸಿದರಾಯ್ತು" ಅಂದ ತಮ್ಮ. ಕೇಳಲು ಎಷ್ಟು ಸಮಂಜಸ! ನನಗೂ ಒಂದು ಕ್ಷಣ ಹೌದಲ್ಲ ಅನಿಸಿತು. ಆದರೆ ಪದ್ಮಿನಿಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯ ತಗಡೇ ಅದರ ಎಲುಬು. ಜೀಪಿನ ನೆಲ ತೂತಾದರೆ ಕಾಲಿಗೆ ಕೆಸರು ಸಿಡಿಯುತ್ತದೆ, ಅಷ್ಟೇ. ಇದರ ನೆಲ ಹೋದರೆ ಕಮಾನ್ ಪಟ್ಟಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ದೇವಿಮನೆಯ ಒಂದು ತಿರುವಿನಲ್ಲಿ ಐದು ಜನರ ಭಾರದಲ್ಲಿ ಆ ಹಿಡಿಕೆ ಕಿತ್ತು ಬಂದರೆ ಹಿಂದಿನ ಗಾಲಿ ಎಲ್ಲಿಗೆ ಹೋಗುತ್ತದೆ ಅಂತ ಹೇಳಬೇಕಿಲ್ಲ. ಜೀಪು ಎಬ್ಬಿಸಿದ ಅನುಭವ ಅಡ್ಡ ಬಂತು ಅಂದೆನಲ್ಲ, ಅದು ಇದೇ. ತಳದ ತುಕ್ಕನ್ನು ನಾನು ಅಲ್ಲಿವರೆಗೆ ಚಿಲ್ಲರೆ ಕೆಲಸ ಅಂತಲೇ ನೋಡಿದ್ದೆ.

ನಾನು ಇದನ್ನು ಹೇಳಿದೆ, ಯಾರೂ ಮಾತಾಡಲಿಲ್ಲ. ಹಿರಿಮಗ ಆಯಿ ಕಡೆ ತಿರುಗಿ, ನಿನಗೆ ಬೇಜಾರಾಗ್ತದೆ ಅಂತಲೇ ಇಷ್ಟೆಲ್ಲ ಒದ್ದಾಡಿದ್ದು ಅಂದ. ಆಯಿ ಕವಳದ ತಟ್ಟೆಯಿಂದ ತಲೆ ಎತ್ತಲೇ ಇಲ್ಲ. "ನಾ ಯಾವಾಗ ಆ ಕಾರಲ್ಲೇ ಹೋಗವು ಹೇಳಿದ್ದಿ?" ಅಂದರು.

ನಿಜ, ಅವರು ಯಾವತ್ತೂ ಹೇಳಿರಲಿಲ್ಲ. ನವರಾತ್ರಿಯಲ್ಲಿ ಹಳೇ ಫೋಟೊ ನೋಡುತ್ತ, ಎಷ್ಟು ಸಲ ಇದರಲ್ಲಿ ಜಾತ್ರೆಗೆ ಹೋದ್ವಿ ಅಂದಿದ್ದರಂತೆ. ಮಗ ಅದನ್ನು ಆಸೆ ಅಂದುಕೊಂಡ, ನಾನು ಅದಕ್ಕೆ ತಾರೀಕು ಹಾಕಿದೆ. ಐದು ತಿಂಗಳಿಂದ ನಮ್ಮನ್ನು ಓಡಿಸುತ್ತಿದ್ದ ಗಡುವನ್ನು ಯಾರೂ ಕೊಟ್ಟೇ ಇರಲಿಲ್ಲ. ಮಾರ್ಚಿನಲ್ಲಿ ಅವರು ಮಾರುತಿಯಲ್ಲೇ ಜಾತ್ರೆಗೆ ಹೋಗಿ ಬಂದರು. ಆಯಿ ಬಳೆ ಕೊಂಡರು. ಬೇಜಾರೇನೂ ಕಾಣಲಿಲ್ಲ.

ತಗಡು, ಮಳೆ, ಮುಚ್ಚಳ

ಬೆಸುಗೆ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮಿಸ್ತ್ರಿ ನಿಧಾನವಾಗಿ, ಸರಿಯಾಗಿ ಮಾಡಿದರು. ಡಿಕ್ಕಿಯ ನೆಲ ಪೂರ್ತಿ, ಎರಡೂ ಕಡೆಯ ಹಿಡಿಕೆಯ ಜಾಗ, ಬಲಬದಿಯ ಕೆಳ ಅಂಚು ಹೊಸದಾಯಿತು. ಒಂದು ಮಾತ್ರ ನೆನಪಿಡುವಂಥದ್ದು: ನೀಲಿ ಎಲ್ಲಿವರೆಗೆ ಹೋಗಿದೆಯೋ ಅಲ್ಲಿವರೆಗೂ ಕತ್ತರಿಸಬೇಕು, ಇಲ್ಲವೇ ಹೊಳೆಯುವ ಲೋಹ ಬರುವವರೆಗೆ ಉಜ್ಜಬೇಕು. ಒಂದು ಮೂಲೆಯಲ್ಲಿ ಕೈ ಹೋಗುವುದಿಲ್ಲ ಅಂತ ಬಿಟ್ಟು ಮೇಲಿಂದ ಪ್ರೈಮರ್ ಹೊಡೆದೆವು. ಎರಡು ತಿಂಗಳಲ್ಲಿ ಅಲ್ಲೇ ಗುಳ್ಳೆ ಎದ್ದಿತು. ಮತ್ತೆ ಬಿಚ್ಚಿ ಮಾಡಿದ್ದಾಯಿತು. ಬೆಸುಗೆಗೆ ಮುಂಚೆ ಪೆಟ್ರೋಲ್ ಟ್ಯಾಂಕನ್ನು ಕಳಚಿ ಶೆಡ್ಡಿನ ಹೊರಗೇ ಇಟ್ಟಿದ್ದರು. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗಿರುವ ಆವಿಗೆ ಒಂದು ಕಿಡಿ ಸಾಕು.

ಆ ಮಳೆಗಾಲ ಯಾರೂ ಮರೆಯುವಂಥದ್ದಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು, ಹೆದ್ದಾರಿ 66 ಬಂದ್ ಆಯಿತು. ಆಗಸ್ಟ್ 7ರ ನಸುಕಿಗೆ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಮುಂಬೈಯಿಂದ ಗೋವಾ ಮೇಲೆ ಬರಬೇಕಿದ್ದ ನಮ್ಮ ಪಾರ್ಸೆಲ್ ಎಲ್ಲೋ ಉಳಿಯಿತು. ಅದರ ಬಗ್ಗೆ ಫೋನ್ ಮಾಡಿ ಕೇಳಲೂ ನಾಚಿಕೆಯಾಗುವ ಹೊತ್ತು ಅದು. ಎರಡು ತಿಂಗಳು ಕಾರಿನ ಮಾತು ಆಡಲಿಲ್ಲ.

ನವೆಂಬರಿನಲ್ಲಿ ಮೊದಲ ಸಲ ರಸ್ತೆಯ ಮೇಲೆ ಪರೀಕ್ಷೆ. ಇಲ್ಲೂ ನಮ್ಮದೊಂದು ಎಡವಟ್ಟು, ಪೂರ್ತಿ ನನ್ನದೇ. ಕಾರು ಚೆಂದ ಹೊರಡುತ್ತಿತ್ತು, ಏಳೆಂಟು ಕಿ.ಮೀ. ಆದ ಮೇಲೆ ಮುಕ್ಕರಿಸಿ ಮುಕ್ಕರಿಸಿ ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಮತ್ತೆ ಚಾಲೂ. ಬಿಸಿಗೆ ಹೀಗಾಗ್ತದೆ ಅಂತ ಕಂಡೆನ್ಸರ್ ಬದಲಿಸಿದೆವು. ಇಲ್ಲ. ಕಾಯಿಲ್ ಬದಲಿಸಿದೆವು. ಇಲ್ಲ. ಪೆಟ್ರೋಲ್ ಪಂಪಿನ ಡಯಾಫ್ರಾಂ ಬಿಚ್ಚಿದರೆ ಅದು ಮೆತ್ತಗಾಗಿತ್ತು, ಹಳೇ ಪೈಪಿನ ಒಳಪದರವೂ ಉಬ್ಬಿ ಸುಲಿದಿತ್ತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸಿರುತ್ತಾರೆ, ಆ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಕಾರಣ ಸಿಕ್ಕಿತು ಅಂತ ಖುಷಿಯಾಗಿ, ಎಥನಾಲ್ ತಡೆಯುವ ಪೈಪು, ಹೊಸ ಡಯಾಫ್ರಾಂ ಹಾಕಿದೆವು. ಬೇಕಾದ ಕೆಲಸವೇ ಅದು. ಆದರೆ ಕಾರು ಎಂಟನೇ ಕಿ.ಮೀ.ಗೆ ಮತ್ತೆ ನಿಂತಿತು.

ಹಳೇ ಫಿಟ್ಟರ್ ಈ ಸಲ ಜೊತೆಗೆ ಕೂತು ಬಂದರು. ನಿಂತ ಕೂಡಲೇ ಬಾನೆಟ್ ಕಡೆ ಹೋಗದೆ ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಭುಸ್ ಅಂತ ಗಾಳಿ ಒಳಗೆ ಹೋಯಿತು. "ಈಗ ಹೊಡಿ" ಅಂದರು. ಒಂದೇ ಸೆಲ್ಫಿಗೆ ಚಾಲೂ.

ಟ್ಯಾಂಕಿನಿಂದ ಪೆಟ್ರೋಲ್ ಹೋದಷ್ಟು ಗಾಳಿ ಒಳಗೆ ಬರಬೇಕು. ಹಳೇ ಮುಚ್ಚಳದಲ್ಲಿ ಅದಕ್ಕೆ ಸಣ್ಣ ತೂತಿತ್ತು. ತುಕ್ಕು ಹಿಡಿದ ಅದನ್ನು ಎಸೆದು, ಅಳತೆ ಸರಿ ಇದೆ ಅಂತ ಸಿಕ್ಕಿದ ಹೊಸ ಮುಚ್ಚಳ ತಂದು ಹಾಕಿದವನು ನಾನು. ಅದರಲ್ಲಿ ತೂತಿರಲಿಲ್ಲ. ಹಳೆಯದು ಪುಣ್ಯಕ್ಕೆ ಕೊಟ್ಟಿಗೆ ಕಿಟಕಿಯಲ್ಲಿ ಸಿಕ್ಕಿತು, ಸೂಜಿಯಲ್ಲಿ ತೂತು ಬಿಡಿಸಿ ಹಾಕಿದೆವು. ಅಲ್ಲಿವರೆಗೆ ಈ ಕಾಯಿಲೆಗೆ ಆದ ಖರ್ಚು 6,400 ರೂಪಾಯಿ.

ಕಾಗದ ಮತ್ತು ಲೆಕ್ಕ

ಕಾಗದದ ಕೆಲಸವನ್ನು ಕೊನೆಗೆ ಇಟ್ಟುಕೊಂಡದ್ದು ಇನ್ನೊಂದು ತಪ್ಪು. ಅಪ್ಪಯ್ಯ ತೀರಿಕೊಂಡಿದ್ದರೂ ಕಾರು ಅವರ ಹೆಸರಿನಲ್ಲೇ ಇತ್ತು, ಆರ್‌ಸಿ ಅವಧಿ 2009ಕ್ಕೇ ಮುಗಿದಿತ್ತು. ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ. ತಮ್ಮ ಬೆಂಗಳೂರಿನಿಂದ ಬಂದು ಸಹಿ ಹಾಕಲು ಮೂರು ವಾರ. ಆಮೇಲೆ ಫಾರಂ 25ರಲ್ಲಿ ನವೀಕರಣ. 2022ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಕಾರಿಗೆ ಈ ಫೀ 5,000 ಆಗಿತ್ತು, ತಡವಾದ ಪ್ರತಿ ತಿಂಗಳಿಗೆ 500 ಬೇರೆ. 2025ರ ಆಗಸ್ಟಿನಲ್ಲಿ 20 ವರ್ಷ ಮೀರಿದವಕ್ಕೆ 10,000 ಮಾಡಿದ್ದಾರೆ. ಅಂದರೆ ಕೊಟ್ಟಿಗೆಯಲ್ಲಿ ಕಾರಿಟ್ಟುಕೊಂಡು ಇದನ್ನು ಓದುತ್ತಿರುವವರು ಕಾಗದದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು. ಚಾಸಿ ನಂಬರನ್ನು ಪೆನ್ಸಿಲ್ ಉಜ್ಜಿ ಕಾಗದದ ಮೇಲೆ ಇಳಿಸಿಕೊಡಬೇಕಾಗುತ್ತದೆ. ಮಿಸ್ತ್ರಿ ಆ ಜಾಗಕ್ಕೆ ಗ್ರೀಸ್ ಬಳಿದು ಟೇಪ್ ಸುತ್ತಿದ್ದರಿಂದ ನಂಬರ್ ಬಣ್ಣದಲ್ಲಿ ಮುಚ್ಚಿಹೋಗಲಿಲ್ಲ.

ಒಟ್ಟು 2,30,000 ಮೇಲೆ ಹೋಯಿತು. ಅದರಲ್ಲಿ ತಗಡಿನದ್ದೇ ದೊಡ್ಡ ಪಾಲು. ಎಂಜಿನ್ನಿಗೆ ಆದದ್ದು 15,000 ಸಹ ಇಲ್ಲ, ಎಲ್ಲರೂ ಹೆದರುವುದು ಅದಕ್ಕೇ! ಮಾರಿದರೆ ಅರ್ಧವೂ ಬರುವುದಿಲ್ಲ. ಮಾರುವ ಮಾತು ಈಗ ಯಾರೂ ಆಡುವುದಿಲ್ಲ, ತಮ್ಮನೂ.

ಇನ್ನೊಮ್ಮೆ ಇಂಥ ಕಾರು ಕೈಗೆ ಬಂದರೆ ನಾನು ಬ್ಯಾಟರಿ ತರುವುದೇ ಇಲ್ಲ. ಮೊದಲ ದಿನ ಟಾರ್ಚು, ಸ್ಕ್ರೂಡ್ರೈವರ್, ಒಂದು ಸಣ್ಣ ಸುತ್ತಿಗೆ ಹಿಡಿದು ಕೆಳಗೆ ಮಲಗುತ್ತೇನೆ. ಕಾರಿನ ಒಳಗೆ, ಮೇಲೆ, ಪಕ್ಕ ಇಷ್ಟು ವರ್ಷ ಏನೇನು ಇಟ್ಟಿದ್ದಿರಿ ಅಂತ ಮನೆಯವರನ್ನು ಒಬ್ಬೊಬ್ಬರಾಗಿ ಕೇಳುತ್ತೇನೆ, ಅದರಲ್ಲೂ ಹೆಂಗಸರನ್ನು, ಕೆಲಸಕ್ಕೆ ಬರುವವರನ್ನು. ಅವರಿಗೇ ಸರಿಯಾಗಿ ಗೊತ್ತಿರುತ್ತದೆ. ತಗಡು ಸರಿ ಇದೆ ಅಂದರೆ ಬ್ರೇಕ್. ಅದಾದ ಮೇಲೆ ಟ್ಯಾಂಕು, ಪೈಪು. ಎಂಜಿನ್ ಓಡಿಸುವುದು ಇವೆಲ್ಲದರ ಆಚೆ. ಆಗ ಉಮೇದಿಗೆ ಏನು ಮಾಡುವುದು ಅಂತ ಕೇಳಬಹುದು. ಸೀಟು ತೊಳೆಯಿರಿ.

2025ರ ಜನವರಿಯಲ್ಲಿ ಪೂಜೆಗೆ ಇಡಗುಂಜಿಗೆ ಹೋದರು. ಆಯಿ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಗೇರ್ ತಪ್ಪು ಹಾಕ್ತಿದ್ದೀಯ ಅಂತ ಮಗನಿಗೆ ಹೇಳುತ್ತಿದ್ದರಂತೆ. ಘಾಟ್ ಇನ್ನೂ ಹತ್ತಿಸಿಲ್ಲ. ಕಾರು ಈಗ ಮನೆ ಮುಂದಿನ ಮಾಡಿನಲ್ಲಿ ಸಿಮೆಂಟ್ ನೆಲದ ಮೇಲೆ ನಿಲ್ಲುತ್ತದೆ. ತಾಡಪತ್ರಿ ಇಲ್ಲ, ಹಳೇ ಹತ್ತಿ ಸೀರೆ ಹೊಲಿದ ಹೊದಿಕೆ. ಹ್ಯಾಂಡ್ ಬ್ರೇಕ್ ಎಳೆಯುವುದಿಲ್ಲ, ಗಾಲಿಗೆ ಮರದ ತುಂಡು. ವಾರಕ್ಕೊಮ್ಮೆ ಕುಮಟಾಕ್ಕೆ ಹೋಗಿ ಬರುತ್ತದೆ.

ಈ ಮಳೆಗಾಲದಲ್ಲಿ ಔಷಧಿ ಹೊಡೆಯುವ ಹೊತ್ತಿಗೆ ಹೋಗಿದ್ದೆ. ಡಿಕ್ಕಿ ತೆರೆದು ತೋರಿಸಿದ ಹಿರಿಮಗ, ಸ್ಟೆಪ್ನಿ ಬಿಟ್ಟರೆ ಏನೂ ಇಲ್ಲ ನೋಡು ಅಂದ. ಮತ್ತೆ ಮೈಲುತುತ್ತ ಎಲ್ಲಿಡ್ತೀರಿ ಅಂದೆ. ಕೊಟ್ಟಿಗೆ ಮೂಲೆಗೆ ಕರೆದುಕೊಂಡು ಹೋದ. ಅಪ್ಪಯ್ಯನ ಹಳೇ ಸ್ಕೂಟರ್ ನಿಂತಿತ್ತು, ಕಾಲಿಡುವ ತಗಡಿನ ಮೇಲೆ ನೀಟಾಗಿ ಎರಡು ಚೀಲ.